ಒಂದೇ ರೊಟ್ಟಿಯ ಸಪ್ಪಳ

ನನ್ನ ಮೊಮ್ಮಗಳು ಬರೆದ ಪ್ರಶ್ನೆಯನ್ನು ದಿಲ್ಲಿಯವರು ಒಪ್ಪಿಕೊಂಡರು! ದೇಶದ ತುಂಬ ಮನೆಮನೆಗೆ ಹೋಗಿ ‘ನಿಮ್ಮ ಗಳಿಕೆ ಎಷ್ಟು, ಸರಕಾರದಿಂದ ನಿಮಗೆ ಏನೇನು ಬರುತ್ತದೆ’ ಎಂದು ಕೇಳುತ್ತಾರಲ್ಲ, ಆ ಸಮೀಕ್ಷೆಯ ಫಾರಂ ಹೊಸದಾಗುತ್ತಿದೆ. ಅದರಲ್ಲಿ ಇನ್ನು ಮುಂದೆ ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಒಬ್ಬ ಗೌಂಡಿಯ ಮೊಮ್ಮಗಳ ಮಾತು ಇರುತ್ತದೆ. ಎರಡನೇ ಕ್ಲಾಸಿಗೇ ಸಾಲೆ ಬಿಟ್ಟವಳು ನಾನು. ಇದನ್ನು ಬರೆಯುವಾಗ ಅಕ್ಷರಗಳು ಗೆರೆ ಬಿಟ್ಟು ಓಡುತ್ತಿವೆ. ಓಡಲಿ ಬಿಡಿ, ಇವತ್ತು ಅವಕ್ಕೂ ಸಂತೋಷ.

ನಿನ್ನೆ ಬೆಳಿಗ್ಗೆ ಹನುಮಸಾಗರದಿಂದ ಅವಳ ಫೋನು ಬಂತು. ಇನ್ನೂ ಪಕ್ಕಾ ಆಗದ ಹೊಸ ಫಾರಂ ಹಿಡಿದು, ಜನ ಹೇಗೆ ಉತ್ತರ ಕೊಡುತ್ತಾರೆ ಎಂದು ನೋಡಲು ವಾರದಿಂದ ಆ ಕಡೆಯ ಊರುಗಳಲ್ಲಿ ತಿರುಗುತ್ತಿದ್ದಳು. ಮಗ ಫೋನಿನ ದನಿ ಜೋರು ಮಾಡಿ ನನ್ನ ಮುಂದೆ ಹಿಡಿದ.

“ಅಜ್ಜೀ, ತಗೊಂಡ್ರು ಬೇ! ನಮ್ಮ ಪ್ರಶ್ನಿ ತಗೊಂಡ್ರು!”

“ನಮ್ಮದಂದ್ರ?” ಅಂದೆ.

“ನಿಂದು, ನಂದು, ಅಕ್ಕಜ್ಜೀದು.”

ಒಳಗಿನಿಂದ ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಮ್ಮ ಮನೆಯವರು ಕೋಲು ಮರೆತು ಎದ್ದು ನಿಂತಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದೆವು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ವಾಸನೆ ಬಂತು. ಹಂಚಿನ ಮೇಲೆ ಬಿಟ್ಟು ಬಂದಿದ್ದ ಜೋಳದ ರೊಟ್ಟಿ ಸೀದು ಕರಕಲಾಗಿತ್ತು.

“ಅಯ್ಯ, ನನ್ನ ರೊಟ್ಟಿ!” ಎಂದು ಸೊಸೆ ನಗುತ್ತ ಓಡಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ವಾಸನೆ ಎದೆಯಲ್ಲಿ ಸಿಕ್ಕಿಕೊಂಡಿತು. ಹನ್ನೆರಡು ಹದಿಮೂರು ವರ್ಷದ ಹಿಂದೆ ಇಂಥದೇ ಒಂದು ವಾಸನೆ ಗೋಡೆ ದಾಟಿ ಬಂದಿತ್ತು...

ಅಕ್ಕ ನನಗೆ ಒಡಹುಟ್ಟಿದವಳಲ್ಲ. ನಮ್ಮ ಅಂಗಳದ ಮೂಲೆಯಲ್ಲಿದ್ದ ಒಂದು ಖೋಲಿಯಲ್ಲಿ ಬಾಡಿಗೆಗಿದ್ದವಳು. ಯಲಬುರ್ಗಾ ಕಡೆಯವಳು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಭಾಳ ವರ್ಷವಾಗಿತ್ತು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಅದಕ್ಕೇ ಅಕ್ಕ. ಮಕ್ಕಳಿಗೂ ಅಕ್ಕ, ನನ್ನ ಮೊಮ್ಮಗಳಿಗೆ ಅಕ್ಕಜ್ಜಿ. ಅವಳ ಒಲೆಯೂ ನಮ್ಮ ಒಲೆಯೂ ಒಂದೇ ಗೋಡೆಯ ಆಚೆ ಈಚೆ ಇದ್ದವು. ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂತರೆ ಆಚೆಯಿಂದ ಅವಳೂ ಬಡಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಕೈ ನಿಂತರೆ ಗೋಡೆಯಾಚೆಯಿಂದಲೇ ಕೂಗುವಳು: “ಯಾಕ ತಂಗಿ, ಸುಸ್ತಾದೇನು? ನನ್ನ ವಯಸ್ಸಿಗೆ ಬಂದ್ರ ಏನ್ ಮಾಡ್ತೀ?”

ನಮ್ಮಿಬ್ಬರದೂ ಕೂದಲು ಬಿಡಿಸುವ ಕೆಲಸ. ಭಾಗ್ಯನಗರದಲ್ಲಿ ಆಗ ಅರ್ಧ ಹೆಂಗಸರು ಅದನ್ನೇ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಹೆಂಗಸರು ತಲೆ ಬಾಚಿ ಎಸೆದ ಕೂದಲನ್ನು ಊರೂರಿಂದ ಕೂಡಿಸಿ, ಚೀಲದಲ್ಲಿ ತುಂಬಿ ವ್ಯಾಪಾರಿ ತಂದು ಹಾಕುತ್ತಿದ್ದ. ಗಂಟುಗಂಟಾದ ಆ ಉಂಡೆಗಳನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿ, ಉದ್ದ ಬೇರೆ, ಗಿಡ್ಡ ಬೇರೆ ಮಾಡಿ ಕೊಡಬೇಕು. ಮಧ್ಯಾಹ್ನ ಕಟ್ಟೆಯ ಮೇಲೆ ಇಬ್ಬರೂ ಕೂತರೆ ಸಂಜೆ ದೀಪ ಹಚ್ಚುವವರೆಗೆ ಅದೇ. ಅಕ್ಕ ಒಂದು ಬಿಳಿ ಕೂದಲು ಎತ್ತಿ ಹಿಡಿದು, “ಇದು ಯಾವ ಊರಿನ ಮುದುಕೀದೋ, ಸೊಸಿ ಕಾಟಕ್ಕ ಉದುರೈತಿ ನೋಡು,” ಎನ್ನುವಳು. ನನ್ನ ಸೊಸೆ ಬಾಗಿಲಲ್ಲೇ ನಿಂತಿರುವಳು. ಬೇಕೆಂದೇ ಹೇಳುವುದು.

ನೋಡಿ, ಇಷ್ಟು ಕೆಲಸ ಮಾಡುತ್ತಿದ್ದರೂ ಅದನ್ನು ನಾವು ಕೆಲಸ ಎಂದು ಅಂದುಕೊಂಡಿರಲಿಲ್ಲ...

ಸರ್ವೆ ಸಾಹೇಬರು ಬಂದದ್ದು ಅಂಥದೇ ಒಂದು ಮಧ್ಯಾಹ್ನ. ಹೆಗಲಿಗೆ ಚೀಲ, ಕೈಯಲ್ಲಿ ದಪ್ಪನೆಯ ಫಾರಂ. ಓಣಿಯಲ್ಲಿ ಕೆಲವೇ ಮನೆ ಆರಿಸಿದ್ದರಂತೆ, ಅದರಲ್ಲಿ ನಮ್ಮ ಅಂಗಳವೂ ಬಂದಿತ್ತು. ಸಾಹೇಬರು ಆಚೆ ಮನೆಯಲ್ಲಿ ಇರುವಾಗಲೇ ಓಣಿಯಲ್ಲಿ ಸುದ್ದಿ ಹಬ್ಬಿತ್ತು: ಟೀವಿ ಕಂಡರೆ ರೇಷನ್ ಕಾರ್ಡು ಹೋಗುತ್ತದೆ ಅಂತ. ನಮ್ಮ ಮನೆಯವರು ಗಡಬಡಿಸಿ ಟೀವಿಯ ಮೇಲೆ ಕೌದಿ ಹೊಚ್ಚಿದರು. ಆದರೆ ಅದನ್ನು ಆರಿಸುವುದನ್ನು ಮರೆತಿದ್ದರು.

ಸಾಹೇಬರು ಕೂತು, ನೀರು ಕುಡಿದು, ಒಳಗೆ ಕಿವಿಗೊಟ್ಟರು. ಒಳಗೆ ಯಾವುದೋ ಹೆಣ್ಣು ಗೋಳೋ ಎಂದು ಅಳುತ್ತಿದ್ದಳು.

“ಏನ್ರಿ ಹಿರಿಯಾರ, ನಿಮ್ಮ ಮನ್ಯಾಗ ಕೌದಿ ಅಳಾಕ ಹತ್ತೈತಲ್ರಿ?”

ಅಕ್ಕ ನಕ್ಕು ನಕ್ಕು ಕೂದಲ ಉಂಡೆಯನ್ನು ಕೆಳಗೆ ಬಿಟ್ಟಳು. ನಮ್ಮ ಮನೆಯವರು ಹಣೆ ಒರೆಸಿಕೊಂಡರು. ಸಾಹೇಬರೂ ನಕ್ಕು, “ಇದರಿಂದ ಯಾರ ಕಾರ್ಡೂ ಹೋಗಂಗಿಲ್ರಿ. ನಿಮ್ಮ ಹೆಸರೂ ಯಾರಿಗೂ ಹೇಳಂಗಿಲ್ಲ. ಜನ ಹೆಂಗ ಬದುಕ್ಯಾರ ಅಂತ ತಿಳಕೊಳ್ಳಾಕ ಅಷ್ಟ,” ಅಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರ ಕೈಗೆ ಕೊಟ್ಟ ಪ್ರಶ್ನೆಗಳನ್ನೇ ಅವರು ಕೇಳಿದರು.

ತಿಂಗಳ ಗಳಿಕೆ ಎಷ್ಟು ಎಂದರು. ಗೌಂಡಿ ಕೆಲಸಕ್ಕೆ ತಿಂಗಳ ಲೆಕ್ಕ ಎಲ್ಲಿಯದು? “ಗ್ವಾಡಿ ಕಟ್ಟಿದ ದಿನಾ ಐತಿ, ಕಟ್ಟದ ದಿನಾ ಇಲ್ರಿ,” ಎಂದರು ನಮ್ಮ ಮನೆಯವರು. ಸಾಹೇಬರು ಪೆನ್ನಿನ ತುದಿ ಕಚ್ಚಿ ಏನೋ ಒಂದು ಬರೆದುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, “ಹೆಣ್ಮಕ್ಕಳು ಏನರ ಕೆಲಸ ಮಾಡ್ತೀರೇನು?” ಎಂದರು.

“ನಾವೇನ್ ಕೆಲಸ ಮಾಡ್ತೀವ್ರಿ, ಮನ್ಯಾಗ ಕುಂತಿರ್ತೀವಿ,” ಅಂದೆ. ನನ್ನ ಮಡಿಲ ತುಂಬ ಕೂದಲಿತ್ತು. ಅಕ್ಕನ ಬೆರಳಲ್ಲಿ ಸೂಜಿಯಿತ್ತು. ಸಾಹೇಬರ ಕಣ್ಣ ಮುಂದೆಯೇ ಇತ್ತು. ನಾನು ಇಲ್ಲ ಅಂದೆ, ಅವರು ಇಲ್ಲ ಎಂದು ಬರೆದುಕೊಂಡರು.

ಆಮೇಲೆ ಖೋಲಿಯ ಕಡೆ ಬೆರಳು ತೋರಿಸಿದರು. “ಅಲ್ಲಿ ಯಾರ ಅದಾರ್ರಿ? ಒಂದ ಒಲ್ಯಾಗ ಮಾಡಿದ್ದು ಉಣ್ಣೋರನ್ನ ಒಂದ ಮನಿ ಅಂತ ಬರೀಬೇಕು. ಈ ಅಮ್ಮಂದು ಬ್ಯಾರೆ ಒಲಿಯೇನು?”

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಅಂದೆ: “ಅಯ್ಯ, ಬ್ಯಾರೆ ಎಲ್ಲೀದ್ರಿ ಸಾಹೇಬ್ರ! ಇಕಿ ನಮ್ಮ ಮನ್ಯಾಕಿನ. ನಮಗೂ ಇಕಿಗೂ ಒಂದ ಒಲಿ.”

ಯಾಕೆ ಹಾಗೆ ಅಂದೆ? ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದೆ, ಸಾರು ಹೆಚ್ಚಾದರೆ ಬಟ್ಟಲು ಕಳಿಸುತ್ತಿದ್ದೆ, ಅಷ್ಟೇ. ಆದರೆ ಹೊರಗಿನವರ ಮುಂದೆ, ಸರಕಾರದ ಮನುಷ್ಯನ ಮುಂದೆ, ಮಗ್ಗುಲಲ್ಲೇ ಕೂತ ಅಕ್ಕನನ್ನು ‘ಅವಳು ಬೇರೆ’ ಎಂದು ಹೇಗೆ ಅನ್ನುವುದು? ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಹಾಗಂದರೆ ಬಾಗಿಲು ಹಾಕಿದ ಹಾಗೆ. ಮನಸ್ಸು ದೊಡ್ಡದು ಮಾಡಿ ಹೇಳಿದೆ ಎಂದುಕೊಂಡೆ. ನನ್ನ ಮಾತು ನನಗೇ ಭಾಳ ಸೇರಿತ್ತು.

ಸಾಹೇಬರು ಅಕ್ಕನ ಮುಖ ನೋಡಿ, “ಹೌದೇನಮ್ಮಾ?” ಎಂದರು. ಅಕ್ಕ ಹೌದೆಂದು ತಲೆ ಆಡಿಸಿದಳು.

“ಸರಕಾರದ ವಿಧವಾ ವೇತನ ಬರ್ತದೇನು ಇವರಿಗೆ?”

ಅದಕ್ಕೂ ನಾನೇ. “ಬರತೈತ್ರಿ, ಪಗಾರ ಬರತೈತಿ.” ಪೋಸ್ಟಿನವನು ತಿಂಗಳಿಗೊಮ್ಮೆ ಬಂದು ಅವಳ ಕೈಗೆ ಕೊಟ್ಟು ಹೋಗುವುದನ್ನು ನಾನೇ ಎಷ್ಟು ಸಲ ನೋಡಿದ್ದೆ. ಈಚೆಗೆ ಅವನು ಬರುತ್ತಿಲ್ಲ, ಬ್ಯಾಂಕಿಗೆ ಹೋಗಬೇಕು ಎಂಬುದು ಗೊತ್ತಿತ್ತು. ಅಕ್ಕ ಹೋಗಿ ತರುತ್ತಾಳೆ ಎಂದುಕೊಂಡಿದ್ದೆ. ಕೇಳಿರಲಿಲ್ಲ.

ಆ ಮಾತಿಗೆ ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕೂದಲಿನ ಮೇಲೆ ಬಗ್ಗಿದಳು. ಸಾಹೇಬರು ‘ಬರುತ್ತದೆ’ ಎಂದು ಬರೆದುಕೊಂಡು, ಚಹಾ ಕುಡಿದು ಎದ್ದು ಹೋದರು.

ಹೋದ ಮೇಲೆ ಅಕ್ಕ, “ಛಲೋ ಹೇಳಿದಿ ಬಿಡು ತಂಗಿ,” ಅಂದಳು. ಹೊಗಳಿದಳು ಎಂದೇ ತಿಳಿದೆ. ನನ್ನ ಪಕ್ಕ ಸಾಲೆಯ ಪುಸ್ತಕ ಹಿಡಿದು ಕೂತಿದ್ದ ಮೊಮ್ಮಗಳಿಗೆ ಆಗ ಹದಿಮೂರು ವರ್ಷ. ಅವಳು ಮಾತ್ರ ಕೇಳಿದಳು: “ಅಜ್ಜಿ, ಅವರು ಅಕ್ಕಜ್ಜೀನ್ನ ಕೇಳಿದ್ದಕ್ಕ ನೀ ಯಾಕ ಹೇಳ್ದಿ?”

“ಸುಮ್ನ ಓದು,” ಅಂದೆ.

ಅದಾದ ಮೇಲೆ ಎರಡು ತಿಂಗಳೋ ಮೂರು ತಿಂಗಳೋ... ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಎಂದಿನಂತೆ ಕೇಳಿತು, ನಿಂತಿತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಅಕ್ಕನ ಕೈಯಲ್ಲಿ ರೊಟ್ಟಿ ಸೀಯುವುದೆಂದರೆ ಆಗದ ಮಾತು. “ಏನಬೇ ಅಕ್ಕ, ಯಾರ ಮ್ಯಾಲ ಧ್ಯಾನ?” ಎಂದು ನಗುತ್ತಲೇ ಬಾಗಿಲು ದೂಡಿದೆ.

ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಹಂಚಿನ ಮೇಲೆ ಒಂದೇ ಒಂದು ರೊಟ್ಟಿ ಕರಿಯಾಗಿ ಹೊಗೆಯಾಡುತ್ತಿತ್ತು. ಎತ್ತಿ ಗೋಡೆಗೆ ಒರಗಿಸಿದೆ. ಮೈಯಲ್ಲಿ ಭಾರವೇ ಇರಲಿಲ್ಲ, ಒಣಗಿದ ಸೀರೆ ಎತ್ತಿದ ಹಾಗಿತ್ತು. ಮುಖಕ್ಕೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟಳು. ತಡೆ, ಬಿಸಿ ರೊಟ್ಟಿ ಮಾಡುತ್ತೇನೆ ಎಂದು ಹಿಟ್ಟಿನ ಡಬ್ಬಿ ತೆಗೆದೆ. ತಳದಲ್ಲಿ ಒಂದು ಹಿಡಿ. ಪಕ್ಕದ ಡಬ್ಬಿ ತೆಗೆದೆ. ಖಾಲಿ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದೆ. ಬುಟ್ಟಿಯೂ ಖಾಲಿ.

“ದಿನಾ ಐದಾರು ರೊಟ್ಟಿ ಬಡೀತಿದ್ದೆಲ್ಲ ಅಕ್ಕ, ನಾ ಕೇಳ್ತಿದ್ನಲ್ಲ...”

ಅವಳು ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು. ಆಮೇಲೆ ತುಂಟತನ ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಸ್ವಲ್ಪ ನಕ್ಕಳು. “ಒಂದ ರೊಟ್ಟಿ ತಂಗಿ. ಅದನ್ನ ಮುದ್ದಿ ಮಾಡಿ ಮತ್ತ ಬಡೀತಿದ್ದೆ. ನಿನಗ ಕೇಳ್ಲಿ ಅಂತ.”

ಒಂದು ರೊಟ್ಟಿಯ ಹಿಟ್ಟು. ಬಡಿದು, ಕೂಡಿಸಿ ಮುದ್ದೆ ಮಾಡಿ, ಮತ್ತೆ ಬಡಿದು, ಮತ್ತೆ ಕೂಡಿಸಿ... ನಡುವೆ ಸಪ್ಪಳ ನಿಂತಾಗ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಾಳೆ ಎಂದು ನಾನು ಈಚೆ ಕೂತು ತಿಳಿದಿದ್ದೆ. ಐದಾರು ರೊಟ್ಟಿಯ ಸಪ್ಪಳ ಮಾಡಿ ಅವಳು ಒಂದು ರೊಟ್ಟಿಯನ್ನು ಎರಡು ಹೊತ್ತಿಗೆ ಉಣ್ಣುತ್ತಿದ್ದಳು.

ಪಗಾರ ನಿಂತು ಆಗಲೇ ವರ್ಷವಾಗುತ್ತ ಬಂದಿತ್ತು. ಕೂದಲ ಎಳೆಯಲ್ಲಿ, ಸೂಜಿಯಲ್ಲಿ ಆಡಿ ಆಡಿ ಅವಳ ಬೆರಳ ಗೆರೆಗಳೆಲ್ಲ ಸವೆದಿದ್ದವು. ಬ್ಯಾಂಕಿನ ಹೆಬ್ಬೆಟ್ಟಿನ ಮಷಿನ್ನು ಅವಳನ್ನು ಅವಳೆಂದು ಒಪ್ಪಲಿಲ್ಲ. ಮೂರು ಸಲ ಹೋಗಿ ಬಂದಿದ್ದಳು. ಆ ಬಿಸಿಲಲ್ಲಿ ನಾಲ್ಕನೆಯ ಸಲ ಹೋಗಲು ಕಾಲು ಏಳಲಿಲ್ಲ. ಕಣ್ಣು ಮಂಜಾದ ಮೇಲೆ ವ್ಯಾಪಾರಿ ಕೂದಲ ಚೀಲವನ್ನೂ ಕಡಿಮೆ ಮಾಡಿದ್ದ. ಚೀಲ ಸಣ್ಣದಾದದ್ದು ನನಗೆ ಕಾಣುತ್ತಿತ್ತು. ‘ಪಗಾರ ಐತಲ್ಲ’ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ.

“ಅವತ್ತ ಸರ್ವೆ ಸಾಹೇಬ್ರು ಕೇಳಿದಾಗರ ಬರೋದಿಲ್ಲ ಅಂತ ಹೇಳಬಾರದಿತ್ತಾ?” ಎಂದೆ. ಅಳು ಬಂದು ಸಿಟ್ಟಿನಂತೆ ಕೇಳಿತು.

ಅಕ್ಕ ನನ್ನ ಕೈಯ ಮೇಲೆ ಕೈಯಿಟ್ಟಳು. “ನೀ ನಾಕ ಮಂದಿ ಮುಂದ ನನ್ನ ನಮ್ಮ ಮನ್ಯಾಕಿ ಅಂದಿ ತಂಗಿ. ಹಂಗ ನನ್ನ ಯಾರೂ ಅಂದಿದ್ದಿಲ್ಲ. ಅದನ್ನ ಸುಳ್ಳ ಮಾಡ್ಲೇನು?”

ಆ ಮಾತನ್ನು ಬರೆದು ಪೆನ್ನು ಕೆಳಗಿಟ್ಟಿದ್ದೆ. ಈಗ ಮತ್ತೆ ಎತ್ತಿಕೊಂಡಿದ್ದೇನೆ...

ಅಂದಿನಿಂದ ಅವಳ ಒಲೆಯನ್ನು ನಾನು ಹಚ್ಚಗೊಡಲಿಲ್ಲ. ಎರಡು ಹೊತ್ತೂ ನಮ್ಮಲ್ಲೇ ಉಂಡಳು. ಫಾರಂನಲ್ಲಿ ಬರೆಸಿದ ಸುಳ್ಳು ತಡವಾಗಿ ನಿಜವಾಯಿತು. ನಮ್ಮ ಮನೆಯವರು ಕೆಲಸ ಬಿಟ್ಟು ಅವಳನ್ನು ಕರೆದುಕೊಂಡು ಕಚೇರಿಗೆ ಅಲೆದರು. ಅಲ್ಲಿಯವರು ಎಲ್ಲ ಬೆರಳನ್ನೂ ಒತ್ತಿಸಿ ನೋಡಿದರು. ಒಂದೂ ಹತ್ತಲಿಲ್ಲ. “ನಾ ಇದ್ದೀನೋ ಇಲ್ಲೋ ಅಂತ ಮಷಿನ್ನಿಗೆ ಸಂಶೆ ಬಂದೈತಿ, ನೀವರ ಹೇಳ್ರೆಪಾ,” ಎಂದು ಅಲ್ಲಿಯೂ ನಗಿಸಿದಳಂತೆ. ಆದರೆ ಒಣಗಿದ ಜೀವ ಮತ್ತೆ ಚಿಗುರಲಿಲ್ಲ. ಚಳಿ ಮುಗಿಯುವ ಮೊದಲೇ ಹೋಗಿಬಿಟ್ಟಳು. ಕೊನೆಯ ದಿನಗಳಲ್ಲಿ ನನ್ನ ಮೊಮ್ಮಗಳು ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಎರಡು ತುತ್ತಿಗೆ, “ಸಾಕವ್ವ, ಹೊಟ್ಟಿ ತುಂಬ್ತು,” ಎನ್ನುವಳು. ಹೊಟ್ಟೆ ತುಂಬಿತೆಂದು ಅವಳು ಹೇಳಿದರೆ ಮೊಮ್ಮಗಳು ನಂಬುತ್ತಿರಲಿಲ್ಲ. “ಎಷ್ಟ ಉಂಡಿ ಹೇಳು ಅಕ್ಕಜ್ಜಿ? ತುತ್ತು ಎಣಿಸಿ ಹೇಳು,” ಎಂದು ಹಟ ಹಿಡಿಯುತ್ತಿದ್ದಳು.

ಆ ಹಟವೇ ಅವಳನ್ನು ಇಲ್ಲಿಯವರೆಗೆ ಎಳೆದು ತಂದಿತು ಅಂತ ನನ್ನ ಎಣಿಕೆ. ಕೊಪ್ಪಳದಲ್ಲಿ ಓದಿದಳು, ಧಾರವಾಡದಲ್ಲಿ ಓದಿದಳು, ಅದೇ ಸಮೀಕ್ಷೆಯ ಕೆಲಸಕ್ಕೇ ಸೇರಿದಳು. ಈ ಫಾರಂ ಸರಿಯಿಲ್ಲ, ಹೊಸದು ಮಾಡಬೇಕು ಎಂದು ದಿಲ್ಲಿಯಲ್ಲಿ ಮಾತು ಎದ್ದಾಗ, ಹಳ್ಳಿಗಳಲ್ಲಿ ಅಡ್ಡಾಡಿದವರನ್ನೂ ಕೂರಿಸಿಕೊಂಡರಂತೆ. ಅದರಲ್ಲಿ ಇವಳೂ ಒಬ್ಬಳು. ಹೋದ ವರ್ಷ ರಜೆಗೆ ಬಂದವಳು ನನ್ನ ಮುಂದೆ ಕೂತು ಕೇಳಿದಳು: “ಅಜ್ಜಿ, ಅಕ್ಕಜ್ಜೀನ್ನ ಏನಂತ ಕೇಳಿದ್ರ ಖರೇ ಹೇಳ್ತಿದ್ಲು?”

ನನ್ನನ್ನು ಅಲ್ಲಿಯವರೆಗೆ ಇಂಥ ಪ್ರಶ್ನೆ ಯಾರು ಕೇಳಿದ್ದರು? ಒಂದು ರಾತ್ರಿ ಕಳೆದು, ಬೆಳಿಗ್ಗೆ ಹೇಳಿದೆ. ಮೊದಲು ನನ್ನನ್ನು ಅಲ್ಲಿಂದ ಎಬ್ಬಿಸಿ ಕಳಿಸಬೇಕಿತ್ತು. ಅವಳೊಬ್ಬಳನ್ನೇ ಕೂರಿಸಿ ಕೇಳಬೇಕಿತ್ತು. ಪಗಾರ ಬರುತ್ತದೇನು ಎಂದಲ್ಲ, ಕೊನೆಯ ಸಲ ನಿನ್ನ ಕೈಗೆ ಬಂದದ್ದು ಯಾವಾಗ ಎಂದು. ಕೆಲಸ ಮಾಡುತ್ತೀಯೇನು ಎಂದಲ್ಲ, ನಿನ್ನೆ ಎದ್ದಾಗಿನಿಂದ ನಿನ್ನ ಕೈ ಏನೇನು ಮಾಡಿತು ಎಂದು. ಒಲೆ ಹಚ್ಚಿದೆಯಾ ಎಂದಲ್ಲ. ನಿನ್ನೆ ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇದ್ದವು ಎಂದು.

ಅವಳು ಅದನ್ನೆಲ್ಲ ಬರೆದುಕೊಂಡಳು. ಆಮೇಲೆ, “ಅಜ್ಜಿ, ತಪ್ಪು ಪ್ರಶ್ನೀದು, ನಿಂದಲ್ಲ,” ಅಂದಳು.

“ಇಬ್ಬರದೂ ಐತಿ,” ಅಂದೆ. “ನೀ ಪ್ರಶ್ನೀದು ಸರಿ ಮಾಡು, ನಂದು ಹಂಗ ಇರ್ಲಿ.”

ನಿನ್ನೆ ಸಂಜೆ ಅವಳು ಕುಷ್ಟಗಿ ಬಸ್ಸು ಹಿಡಿದು ಮನೆಗೆ ಬಂದಳು. ಧೂಳು ತುಂಬಿದ ಚಪ್ಪಲಿ, ಬಿಸಿಲಿಗೆ ಕಪ್ಪಾದ ಮುಖ. ನಾನು ಬಾಗಿಲಲ್ಲೇ ಸಕ್ಕರೆ ಬಾಯಿಗೆ ಹಾಕಿ ದೃಷ್ಟಿ ತೆಗೆದೆ. ಓಣಿಯ ಮಂದಿಯೆಲ್ಲ ಬಂದು ನೋಡಿಹೋದರು. ನಮ್ಮ ಮನೆಯವರು ಬಂದವರಿಗೆಲ್ಲ, “ದಿಲ್ಲಿಯವ್ರು ನಮ್ಮ ಹುಡುಗೀನ್ನ ಕೇಳೇ ಫಾರಂ ಮಾಡ್ಯಾರ,” ಎಂದು ಹೇಳಿ ಹೇಳಿ ದನಿ ಕಟ್ಟಿಸಿಕೊಂಡರು. ಅವಳು ಚೀಲದಿಂದ ಹೊಸ ಫಾರಂ ತೆಗೆದು ನನ್ನ ತೊಡೆಯ ಮೇಲಿಟ್ಟಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲೆಯೇ ಬರೆದಿತ್ತು: ಮನೆಯ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ, ಬೇರೆಯವರು ಇಲ್ಲದ ಕಡೆ ಕೇಳಬೇಕು. ಒಬ್ಬರ ಉತ್ತರವನ್ನು ಇನ್ನೊಬ್ಬರಿಂದ ಬರೆದುಕೊಳ್ಳಬಾರದು. ಕೆಳಗೆ ಇನ್ನೊಂದು ಸಾಲು: ಈ ನೆರವು ಕೊನೆಯ ಸಲ ನಿಮ್ಮ ಕೈ ಸೇರಿದ್ದು ಯಾವಾಗ?

“ರೊಟ್ಟೀದು ಎಲ್ಲೈತಿ?” ಎಂದೆ.

“ರೊಟ್ಟಿ ಅಂತ ಬರ್ಯಾಕ ಬರಂಗಿಲ್ಲ ಅಜ್ಜಿ. ದೇಶದಾಗ ಎಲ್ಲಾರೂ ರೊಟ್ಟಿ ತಿನ್ನಂಗಿಲ್ಲ. ‘ನಿನ್ನೆ ನೀವು ಏನು, ಎಷ್ಟು ಉಂಡಿರಿ’ ಅಂತ ಹಾಕೇವಿ ನೋಡು.”

ಇಷ್ಟಾದರೂ ನನಗೆ ಒಂದು ಗೊತ್ತು. ಈ ಫಾರಂ ಅಂದು ಬಂದಿದ್ದರೂ ಅಕ್ಕನ ಪಗಾರ ಮರುದಿನವೇ ಬರುತ್ತಿರಲಿಲ್ಲ. ಅದು ಆ ಕೆಲಸದ ಫಾರಂ ಅಲ್ಲ ಎಂದು ಮೊಮ್ಮಗಳೇ ಹೇಳಿದ್ದಾಳೆ. ಆದರೆ ಒಬ್ಬರಾದರೂ ಅವಳನ್ನು ಅವಳ ಹಸಿವಿನ ಬಗ್ಗೆ ಕೇಳಿದಂತಾಗುತ್ತಿತ್ತು. ಎಲ್ಲೋ ಒಂದು ಹಾಳೆಯಲ್ಲಿ ಅವಳ ಒಲೆ ಇತ್ತು ಎಂದು ಬರೆದಿರುತ್ತಿತ್ತು. ಈಗ ಸಾಹೇಬರು ಬರೆದುಕೊಂಡ ಹಾಳೆಯಲ್ಲಿ ಅವಳು ನಮ್ಮ ಮನೆಯಲ್ಲಿ ಉಂಡು, ಪಗಾರ ತಗೊಂಡು, ಕೆಲಸವಿಲ್ಲದೆ ಸುಖವಾಗಿ ಕೂತಿದ್ದಾಳೆ...

ಅವಳ ಖೋಲಿ ಈಗಿಲ್ಲ. ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿದ್ದೇವೆ. ಅಕ್ಕನ ಒಲೆ ಇದ್ದ ಜಾಗದಲ್ಲೇ ಸೊಸೆ ಕೂತು ರೊಟ್ಟಿ ಬಡಿಯುತ್ತಾಳೆ. ನಿನ್ನೆ ಸಂಜೆ ಅಲ್ಲೇ ಎಲ್ಲರೂ ಸುತ್ತ ಉಣ್ಣಲು ಕೂತೆವು. ನಮ್ಮ ಮನೆಯವರು, ಮಗ, ಮೊಮ್ಮಗಳು, ನಾನು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಸೊಸೆ ಬಡಿಯುತ್ತಿದ್ದಳು, ಬಿಸಿಬಿಸಿ ರೊಟ್ಟಿ ಬುಟ್ಟಿಗೆ ಬೀಳುತ್ತಿದ್ದವು. ಸಪ್ಪಳ ಕೇಳಿದ ಸಲಕ್ಕೊಂದು ರೊಟ್ಟಿ ಬೀಳುತ್ತದೋ ಇಲ್ಲವೋ ಎಂದು ಎಣಿಸುವುದು ನನಗೆ ಚಟವಾಗಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಬಿಟ್ಟಿಲ್ಲ.

“ಅತ್ತಿ, ಎಣಿಸಿದ್ದ ಸಾಕು, ಉಣ್ರಿ,” ಅಂದಳು ಸೊಸೆ. ಅವಳಿಗೆ ಗೊತ್ತಿದೆ.

“ನೀನೂ ಕುಂದ್ರು ಮೊದ್ಲ,” ಅಂದೆ. ಅವಳು ಕೈ ತೊಳೆದು ಬಂದು, ಮಗಳ ಮಗ್ಗುಲಲ್ಲಿ ಕೂತಳು. ನಾನು ಬುಟ್ಟಿಯ ಬಟ್ಟೆ ಸರಿಸಿ ನೋಡಿದೆ. ಎಲ್ಲರಿಗೂ ಆಗಿ, ಇನ್ನೂ ಇದ್ದವು. ಆಮೇಲೆ ಎಲ್ಲರೂ ಒಟ್ಟಿಗೆ ಉಂಡೆವು.